ಲ್ಯಾಪ್‌ಟಾಪ್ ಯಾಕೆ ಕುಂಟುತ್ತಿದೆ? ಪ್ರೊಸೆಸರ್ ವೇಗದ ಜಾಡು ಹಿಡಿಯುವ ಬಗೆ

ಮೇ ತಿಂಗಳಲ್ಲಿ ಅಣ್ಣನ ಮಗ ಬೆಳಗಾವಿಯಿಂದ ವಿಜಯಪುರಕ್ಕೆ ರಜೆಗೆ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಬಂದವನೇ ಲ್ಯಾಪ್‌ಟಾಪ್ ತೆಗೆದು ಕೌದಿ ಮೇಲೆ ಇಟ್ಟ, ಯಾವುದೋ ಪ್ರಾಜೆಕ್ಟ್ ಕಂಪೈಲ್‌ಗೆ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಮಾಡಲು, ಹಚ್ಚಿ ಊಟಕ್ಕೆ ಕೂತ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಮುಗಿದು ಮಜ್ಜಿಗೆ ಕುಡಿದು ಎದ್ದರೂ ಕಂಪೈಲ್ ಅರ್ಧಕ್ಕೂ ಬಂದಿರಲಿಲ್ಲ.

"ಕಾಕಾ, ಬೆಳಗಾವ್ಯಾಗ ಇದ ಕೆಲಸ ಐದ ನಿಮಿಷದಾಗ ಮುಗೀತಿತ್ತು. ಇಲ್ಲಿ ಬಂದ್ರ ಸಾಕು, ನಿದ್ದಿ ಮಾಡ್ತದ ನೋಡ್ರಿ," ಅಂದ.

"ಈ ಬಿಸಲಾಗ ಮಂದೀನ ನಿದ್ದಿ ಮಾಡ್ತಾರ, ಅದರೇ ಏನ್ ಮಾಡೀತು," ಅಂತ ಅವ್ವ ಒಳಗಿಂದ ಹೇಳಿದಳು.

ನನಗೂ ಹಾಗೇ ಅನ್ನಿಸಿತು. ಅಲ್ಲಿ ತಂಪು, ಇಲ್ಲಿ ನಲವತ್ತು ಡಿಗ್ರಿ. ಬೇರೆ ಕಾರಣ ಏನಿದ್ದೀತು? ಎರಡು ದಿನ ಬಿಸಿಲನ್ನೇ ಬೈಯುತ್ತಾ ಕಳೆದೆವು. ಆಮೇಲೆ ಸಿಕ್ಕ ಕಾರಣ ಬೇರೆಯೇ ಇತ್ತು. ಆ ಎರಡು ದಿನ ನಾವು ಮಾಡಿದ್ದನ್ನು, ಮಾಡಬೇಕಾಗಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಉಬುಂಟು ಅನ್ನೋ ಲಿನಕ್ಸ್, ಹಾಗಾಗಿ ಜಾಸ್ತಿ ಮಾತು ಲಿನಕ್ಸ್ ಬಗ್ಗೆ. ವಿಂಡೋಸ್‌ನವರಿಗೂ ಕೊನೆಗೆ ಸ್ವಲ್ಪ ಇದೆ. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅದೇ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು.

ಮೊದಲು ಇಷ್ಟು ಗೊತ್ತಿರಲಿ

ಪ್ರೊಸೆಸರ್ ಒಂದೇ ವೇಗದಲ್ಲಿ ಓಡುವುದಿಲ್ಲ. ಕೆಲಸ ಇಲ್ಲದಾಗ 400 ಅಥವಾ 800 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಕೆಲಸ ಬಿದ್ದರೆ ಕ್ಷಣದಲ್ಲಿ 3, 4 ಗಿಗಾಹರ್ಟ್ಸ್‌ಗೆ ಏರುತ್ತದೆ. ವೇಗ ಇಳಿಸಿದಾಗ ವೋಲ್ಟೇಜ್ ಕೂಡ ಇಳಿಸಬಹುದು. ನಿಜವಾದ ಉಳಿತಾಯ ಇರುವುದು ಅಲ್ಲೇ. ಚಿಪ್ ತಿನ್ನುವ ಕರೆಂಟು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆಯೂ ಏರುತ್ತದೆ. ಉದಾಹರಣೆಗೆ, ವೇಗವನ್ನು ಅರ್ಧ ಮಾಡಿ ವೋಲ್ಟೇಜನ್ನು 1.2ರಿಂದ 0.8ಕ್ಕೆ ಇಳಿಸಿದರೆ, ಖರ್ಚು ಅರ್ಧ ಆಗುವುದಿಲ್ಲ, ನೂರಕ್ಕೆ 22ರಷ್ಟೇ ಉಳಿಯುತ್ತದೆ.

ಎಷ್ಟು ವೇಗ ಬೇಕು ಅಂತ ಲೆಕ್ಕ ಹಾಕುವುದು ಆಪರೇಟಿಂಗ್ ಸಿಸ್ಟಮ್‌ನ ಗವರ್ನರ್ ಅನ್ನೋ ಭಾಗ. ಅದನ್ನು ಚಿಪ್‌ಗೆ ಮುಟ್ಟಿಸುವುದು ಡ್ರೈವರ್. ಆದರೆ ಕೊನೆಯ ಮಾತು ಇವರಿಬ್ಬರದೂ ಅಲ್ಲ. ಓಎಸ್ (ಆಪರೇಟಿಂಗ್ ಸಿಸ್ಟಮ್) ಕೇಳುತ್ತದೆ, ಕೊಡುವುದು ಚಿಪ್ ಮತ್ತು ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಬೋರ್ಡಿನೊಳಗೇ ಕೂತ ಪ್ರೋಗ್ರಾಮ್. ಬಿಸಿ ಜಾಸ್ತಿ ಇದ್ದರೆ, ಕರೆಂಟು ಸಾಲದಿದ್ದರೆ ಅವು ಸುಮ್ನೆ ಕೊಡುವುದಿಲ್ಲ. ಓಎಸ್‌ಗೆ ಕಾರಣ ಹೇಳಲೇಬೇಕು ಅಂತಲೂ ಇಲ್ಲ.

ಹಾಗಾಗಿ ನೋಡಬೇಕಾದದ್ದು ಎರಡೇ: ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು. ಕೇಳಿದ್ದೇ ಕಡಿಮೆ ಅಂದ್ರೆ ಸೆಟ್ಟಿಂಗ್ ತಪ್ಪು. ಕೇಳಿದ್ದು ಜಾಸ್ತಿ, ಸಿಕ್ಕಿದ್ದು ಕಡಿಮೆ ಅಂದ್ರೆ ಓಎಸ್ ಒಳಗೆ ಎಷ್ಟು ಕೆದಕಿದರೂ ಪ್ರಯೋಜನ ಇಲ್ಲ.

ಒಂದನೇ ಹೆಜ್ಜೆ: ಸಿಕ್ಕಿದ್ದೆಷ್ಟು

ಸುಮ್ಮನೆ ಕೂತ ಪ್ರೊಸೆಸರ್ 800 ಮೆಗಾಹರ್ಟ್ಸ್ ತೋರಿಸಿದರೆ ಗಾಬರಿ ಬೇಡ. ಅದು ಹಾಗೇ ಇರಬೇಕು. ಮೊದಲು ಕೆಲಸ ಕೊಟ್ಟು ಆಮೇಲೆ ಅಳೆಯಿರಿ. ಸ್ಟ್ರೆಸ್-ಎನ್‌ಜಿ ಅನ್ನೋ ಪ್ರೋಗ್ರಾಮ್ ಹಾಕಿಕೊಂಡು, ಅದರ ಸಿಪಿಯು ಆಯ್ಕೆಗೆ 0 ಅಂತ ಕೊಟ್ಟರೆ ಪ್ರೊಸೆಸರಿನೊಳಗೆ ದುಡಿಯುವ ಭಾಗಗಳಾದ ಎಲ್ಲ ಕೋರ್‌ಗಳಿಗೂ ಕೆಲಸ ಹಚ್ಚುತ್ತದೆ. ಟೈಮ್‌ಔಟ್ ಎರಡು ನಿಮಿಷ ಇಡಿ, ಸಾಕು.

ಅದು ಓಡುತ್ತಿರುವಾಗ ಇನ್ನೊಂದು ಕಿಟಕಿಯಲ್ಲಿ ಸುಡೋ ಜೊತೆ (ಅಂದರೆ ಅಡ್ಮಿನ್ ಅಧಿಕಾರದಲ್ಲಿ) ಟರ್ಬೋಸ್ಟ್ಯಾಟ್ ಓಡಿಸಿ. ಅದು ಕಾಲಮ್‌ಗಳ ದೊಡ್ಡ ಜಾತ್ರೆಯನ್ನೇ ತೋರಿಸುತ್ತದೆ. ಹೆದರಬೇಡಿ, ಮೂರನ್ನು ಮಾತ್ರ ನೋಡಿ. ಬಿಝಿ ಮೆಗಾಹರ್ಟ್ಸ್, ಅಂದರೆ ಕೆಲಸ ಮಾಡುವ ಹೊತ್ತಿನಲ್ಲಿ ಇದ್ದ ನಿಜವಾದ ವೇಗ. ಪ್ಯಾಕೇಜ್ ಟೆಂಪರೇಚರ್, ಅಂದರೆ ಇಡೀ ಚಿಪ್‌ನ ಬಿಸಿ. ಪ್ಯಾಕೇಜ್ ವ್ಯಾಟ್, ಅಂದರೆ ಅದು ತಿನ್ನುವ ಕರೆಂಟು.

ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ ಬಂದದ್ದು: 798 ಮೆಗಾಹರ್ಟ್ಸ್, 52 ಡಿಗ್ರಿ, 4 ವ್ಯಾಟ್. ಎಲ್ಲ ಕೋರ್‌ಗಳೂ ನೂರಕ್ಕೆ ನೂರು ದುಡಿಯುತ್ತಿವೆ, ಆದರೂ 798. ಒಂದು ಅಂಕಿ ಆಕಡೆ ಈಕಡೆ ಇಲ್ಲ. ಉತ್ತರದ ಮುಕ್ಕಾಲು ಪಾಲು ಈ ಸಾಲಿನಲ್ಲೇ ಇತ್ತು. ನಾನು ಓದಲಿಲ್ಲ ಅಷ್ಟೆ.

ಎರಡನೇ ಹೆಜ್ಜೆ: ಕೇಳಿದ್ದೆಷ್ಟು

ಲಿನಕ್ಸ್‌ನಲ್ಲಿ ಇದಕ್ಕೆಲ್ಲ ಒಂದು ಫೋಲ್ಡರ್ ಇದೆ. ಸಿಸ್, ಅದರೊಳಗೆ ಡಿವೈಸಸ್, ಸಿಸ್ಟಮ್, ಸಿಪಿಯು, ಸಿಪಿಯು0, ಕೊನೆಗೆ ಸಿಪಿಯುಫ್ರೆಕ್. ಒಳಗಿನ ಫೈಲುಗಳನ್ನು ಕ್ಯಾಟ್ ಕಮಾಂಡಿನಿಂದ ಓದಬಹುದು. ಸ್ಕೇಲಿಂಗ್_ಡ್ರೈವರ್, ಸ್ಕೇಲಿಂಗ್_ಗವರ್ನರ್, ಸ್ಕೇಲಿಂಗ್_ಮ್ಯಾಕ್ಸ್_ಫ್ರೆಕ್, ಸಿಪಿಯುಇನ್ಫೋ_ಮ್ಯಾಕ್ಸ್_ಫ್ರೆಕ್ ಈ ನಾಲ್ಕನ್ನು ಓದಿ. ಅಂಕಿಗಳು ಕಿಲೋಹರ್ಟ್ಸ್‌ನಲ್ಲಿ ಇರುತ್ತವೆ, 4200000 ಅಂದರೆ 4.2 ಗಿಗಾಹರ್ಟ್ಸ್.

ಕೊನೆಯ ಎರಡು ಫೈಲುಗಳ ಅಂಕಿ ಒಂದೇ ಆಗಿರಬೇಕು. ಸ್ಕೇಲಿಂಗ್ ಮ್ಯಾಕ್ಸ್ ಕಡಿಮೆ ಇದ್ದರೆ ಯಾವುದೋ ಪ್ರೋಗ್ರಾಮ್ ಮಿತಿ ಹಾಕಿದೆ ಅಂತ. ಇಂಟೆಲ್ ಆದರೆ ಸಿಪಿಯು ಫೋಲ್ಡರಿನಲ್ಲೇ ಇಂಟೆಲ್_ಪಿಸ್ಟೇಟ್ ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಅದರಲ್ಲಿ ನೋ_ಟರ್ಬೋ ಫೈಲ್ ತೆಗೆದು ನೋಡಿ. 1 ಇದ್ದರೆ ಟರ್ಬೋ, ಅಂದರೆ ಮಾಮೂಲಿ ವೇಗಕ್ಕಿಂತ ಮೇಲೆ ಏರುವ ಸೌಲಭ್ಯ, ಬಂದ್ ಆಗಿದೆ. 0 ಇರಬೇಕು.

ನಾವು ಗವರ್ನರ್ ಫೈಲ್ ತೆರೆದ ಕೂಡಲೇ ಹುಡುಗ ಕುಣಿದ. ಅಲ್ಲಿ ಪವರ್‌ಸೇವ್ ಅಂತ ಇತ್ತು.

"ಸಿಕ್ತು ಕಾಕಾ! ಪವರ್‌ಸೇವ್‌ಗೆ ಇಟ್ಟದ. ಅದಕ್ಕ ಮಲಗೇದ."

ಜಗತ್ತಿನಲ್ಲಿ ಬಹಳ ಜನ ಬೀಳುವ ಹಳ್ಳ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಪವರ್‌ಸೇವ್ ಅನ್ನೋ ಒಂದೇ ಹೆಸರಿಗೆ ಎರಡು ಅರ್ಥ ಇವೆ. ಯಾವುದು ಅಂತ ಹೇಳುವುದು ಡ್ರೈವರ್ ಫೈಲ್. ಅಲ್ಲಿ ಎಸಿಪಿಐ-ಸಿಪಿಯುಫ್ರೆಕ್ ಅಂತ ಇದ್ದರೆ ಪವರ್‌ಸೇವ್ ಅಂದರೆ ಕನಿಷ್ಠ ವೇಗಕ್ಕೆ ಗೂಟ ಹೊಡೆದು ಕಟ್ಟಿಹಾಕಿದ ಹಾಗೆ. ಎಷ್ಟು ಕೆಲಸ ಬಿದ್ದರೂ ಏರುವುದಿಲ್ಲ. ಇಂಟೆಲ್_ಪಿಸ್ಟೇಟ್ ಅಂತ ಇದ್ದರೆ ಅದೇ ಪವರ್‌ಸೇವ್ ಕೆಲಸಕ್ಕೆ ತಕ್ಕಂತೆ ಏರಿಳಿಯುತ್ತದೆ, ಟರ್ಬೋ ತನಕ ಹೋಗುತ್ತದೆ. ಅಲ್ಲಿ ಅದೇ ಸಾಮಾನ್ಯ ಸ್ಥಿತಿ, ಅದನ್ನು ಮುಟ್ಟಬೇಕಾಗಿಲ್ಲ. ಈ ಡ್ರೈವರ್ ಲಿನಕ್ಸ್ 3.9ರಲ್ಲಿ, 2013ರಲ್ಲಿ ಬಂತು. ಎಎಂಡಿ ಕಂಪನಿಯ ಪ್ರೊಸೆಸರ್‌ಗಳಿಗೆ ಇಂಥದೇ ಡ್ರೈವರ್ ಬಂದದ್ದು 5.17ರಲ್ಲಿ, 2022ರಲ್ಲಿ. ಅದರ ಆ್ಯಕ್ಟಿವ್ ಮೋಡ್‌ನಲ್ಲೂ ಪವರ್‌ಸೇವ್ ಅಂದರೆ ಇದೇ ಅರ್ಥ. ಇನ್ನೊಂದು ಸೂಕ್ಷ್ಮ ಇದೆ. ಡ್ರೈವರ್ ಹೆಸರು ಇಂಟೆಲ್_ಸಿಪಿಯುಫ್ರೆಕ್ ಅಂತ ಬಂದರೆ ಅದು ಅದೇ ಇಂಟೆಲ್ ಡ್ರೈವರಿನ ಪ್ಯಾಸಿವ್ ಮೋಡ್, ಅಂದರೆ ಮಾಮೂಲಿ ಗವರ್ನರ್ ಹೇಳಿದಂತೆ ಕೇಳುವ ಮೋಡ್. ಆಗ ಪವರ್‌ಸೇವ್ ಮತ್ತೆ ಗೂಟ ಹೊಡೆಯುವ ಪವರ್‌ಸೇವ್ ಆಗುತ್ತದೆ. ಅಲ್ಲಿ ಕೆಲಸ ನೋಡಿ ವೇಗ ಏರಿಳಿಸುವ ಸ್ಕೆಡ್‌ಯುಟಿಲ್ ಗವರ್ನರ್ ಇರಲಿ. ಹೆಸರಿಟ್ಟ ಪುಣ್ಯಾತ್ಮರಿಗೆ ಬೇರೆ ಪದ ಸಿಗಲಿಲ್ವಾ ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ನಮ್ಮದು ಇಂಟೆಲ್_ಪಿಸ್ಟೇಟ್ ಆಗಿತ್ತು. ಹುಡುಗ ಕೇಳಬೇಕಲ್ಲ, ಪರ್ಫಾರ್ಮೆನ್ಸ್‌ಗೆ ಬದಲಿಸಿಯೇ ನೋಡಿದ. 798. ಸ್ಕೇಲಿಂಗ್ ಮ್ಯಾಕ್ಸ್ 4200000, ನೋ ಟರ್ಬೋ 0. ಅಂದರೆ ಓಎಸ್ 4.2 ಕೇಳುತ್ತಿದೆ, ಸಿಗುತ್ತಿರುವುದು 0.8.

ನಡುವೆ ಒಂದು ಮಾತು: ಇಬ್ಬರು ಯಜಮಾನರು ಬೇಡ

ನಿಮ್ಮಲ್ಲಿ ಮಿತಿ ಹಾಕಿದ್ದು ಓಎಸ್ ಅಂತಲೇ ಗೊತ್ತಾದರೆ, ಅದನ್ನು ಯಾರು ಹಾಕಿದರು ಅಂತ ಹುಡುಕಿ. ಉಬುಂಟುವಿನ ಡೆಸ್ಕ್‌ಟಾಪ್ ಪರದೆ ಗ್ನೋಮ್‌ನ ಮೂಲೆಯ ಮೆನುವಿನಲ್ಲಿ ಪವರ್ ಸೇವರ್, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್ ಅಂತ ಕಾಣುತ್ತಲ್ಲ, ಅದರ ಹಿಂದೆ ಇರುವುದು ಸಾಮಾನ್ಯವಾಗಿ ಪವರ್-ಪ್ರೊಫೈಲ್ಸ್-ಡೀಮನ್. ಬ್ಯಾಟರಿ ಉಳಿಸಲು ಅಂತ ಕೆಲವರು ಟಿಎಲ್‌ಪಿ ಕೂಡ ಹಾಕಿಕೊಳ್ಳುತ್ತಾರೆ. ಎರಡೂ ಒಂದೇ ಫೈಲುಗಳಿಗೆ ಕೈ ಹಾಕುತ್ತವೆ. ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ಚಾರ್ಜರ್ ಹಾಕಿದಾಗ ತೆಗೆದಾಗ ವೇಗ ವಿಚಿತ್ರವಾಗಿ ಬದಲಾಗುತ್ತಿದ್ದರೆ ಇದನ್ನೇ ಮೊದಲು ನೋಡಿ. ಯಾವುದಾದರೂ ಒಂದು ಇಟ್ಟುಕೊಳ್ಳಿ. ಟಿಎಲ್‌ಪಿ ಇಟ್ಟುಕೊಂಡರೆ ಅದರಲ್ಲಿ ಚಾರ್ಜರ್‌ಗೆ ಬೇರೆ, ಬ್ಯಾಟರಿಗೆ ಬೇರೆ ಸೆಟ್ಟಿಂಗ್ ಇದೆ ಅನ್ನೋದು ನೆನಪಿರಲಿ.

ಪವರ್‌ಪ್ರೊಫೈಲ್ಸ್‌ಸಿಟಿಎಲ್ ಅಂತ ಕಮಾಂಡ್ ಹೊಡೆದರೆ ಪರ್ಫಾರ್ಮೆನ್ಸ್ ಕೆಳಗೆ ಡಿಗ್ರೇಡೆಡ್ ಅನ್ನೋ ಸಾಲು ಬರಬಹುದು. ಅಲ್ಲಿ ಯೆಸ್ (ಹೌದು) ಅಂತ ಇದ್ದರೆ ಪಕ್ಕದಲ್ಲೇ ಕಾರಣವೂ ಇರುತ್ತದೆ. ಒಂದು ಕಾರಣ ಬಿಸಿ. ಇನ್ನೊಂದು ಲ್ಯಾಪ್-ಡಿಟೆಕ್ಟೆಡ್, ಅಂದರೆ ತೊಡೆ ಮೇಲೆ ಇಟ್ಟುಕೊಂಡಿದ್ದೀರಿ ಅಂತ. ಕೆಲವು ಲ್ಯಾಪ್‌ಟಾಪ್‌ಗಳಿಗೆ ಅದೂ ಗೊತ್ತಾಗುತ್ತದೆ. ತೊಡೆ ಸುಡಬಾರದು ಅಂತ ತಾವೇ ನಿಧಾನ ಆಗುತ್ತವೆ.

ಮೂರನೇ ಹೆಜ್ಜೆ: ಬಿಸಿ

ನಮ್ಮ ಕಡೆ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಬಹಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸುತ್ತವೆ. ಕೋಣೆಯ ಬಿಸಿ ಏರಿದಷ್ಟೂ ಚಿಪ್‌ನ ಬಿಸಿ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗಾವಿಯ 25 ಡಿಗ್ರಿ ಕೋಣೆಯಲ್ಲಿ 82 ಇದ್ದದ್ದು, ಇಲ್ಲಿಯ 40 ಡಿಗ್ರಿ ಪತ್ರಾಸ್ ಮನೆಯಲ್ಲಿ 97 ಆಗುತ್ತದೆ. ಅಲ್ಲಿ ಆರಾಮಾಗಿದ್ದ ಮಷಿನ್ ಇಲ್ಲಿ ಅಂಚಿಗೆ ಬಂದು ನಿಲ್ಲುತ್ತದೆ.

ಬಿಸಿಯಿಂದ ನಿಧಾನ ಆಗಿದೆಯೋ ಇಲ್ಲವೋ ಅಂತ ಊಹಿಸಬೇಕಾಗಿಲ್ಲ. ಇಂಟೆಲ್ ಮಷಿನ್‌ನಲ್ಲಿ ಸಿಪಿಯು0 ಒಳಗೆ ಥರ್ಮಲ್_ಥ್ರಾಟಲ್ ಅಂತ ಫೋಲ್ಡರ್ ಇದೆ. ಅದರಲ್ಲಿ ಕೋರ್_ಥ್ರಾಟಲ್_ಕೌಂಟ್ ಓದಿ. ಬಿಸಿಗೆ ವೇಗ ಇಳಿಸಿದಾಗೆಲ್ಲ ಅಲ್ಲಿಯ ಲೆಕ್ಕ ಏರುತ್ತದೆ. ಸ್ಟ್ರೆಸ್-ಎನ್‌ಜಿ ಓಡಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿ. ಬಿಸಿಯ ಥ್ರಾಟಲಿಂಗ್‌ಗೆ, ಅಂದರೆ ಹೀಗೆ ವೇಗ ಇಳಿಸುವುದಕ್ಕೆ, ಒಂದು ಚಹರೆಯೂ ಇದೆ. ಮೊದಲ ಕೆಲವು ಸೆಕೆಂಡು ಜೋರಾಗಿ ಓಡುತ್ತದೆ, ಬಿಸಿ 95 ದಾಟುತ್ತದೆ, ಆಮೇಲೆ ವೇಗ ಏರಿಳಿಯುತ್ತಾ ಒದ್ದಾಡುತ್ತದೆ.

ಬಿಸಿಯೇ ಕಾರಣ ಅಂತಾದರೆ ಔಷಧ ಸರಳ. ಮೊದಲು ಕೌದಿ ಮೇಲಿಂದ ಎತ್ತಿ. ಕೌದಿಯಂಥ ಮೆತ್ತನೆ ಬಟ್ಟೆ ಕೆಳಗಿನ ಕಿಂಡಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ಧೂಳು. ರಬಕವಿಯಲ್ಲಿ ಸೀರೆ ಡಿಸೈನ್ ಮಾಡುವ ಗೆಳೆಯರೊಬ್ಬರ ಡೆಸ್ಕ್‌ಟಾಪ್ ಬಿಚ್ಚಿದ್ದು ನೆನಪಿದೆ. ಪಕ್ಕದಲ್ಲೇ ಮಗ್ಗಗಳು. ಮೇಲಿಂದ ನೋಡಿದರೆ ಫ್ಯಾನ್ ಸ್ವಚ್ಛವಾಗಿತ್ತು, ತಿರುಗುತ್ತಲೂ ಇತ್ತು. ನಾಲ್ಕು ಸ್ಕ್ರೂ ತೆಗೆದು ಫ್ಯಾನ್ ಎತ್ತಿದಾಗ ಅದರ ಕೆಳಗೆ, ಚಿಪ್‌ನ ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಮೇಲೆ, ನೂಲಿನ ಧೂಳು ಗಟ್ಟಿಯಾಗಿ ಕೂತು ಬೆರಳು ದಪ್ಪದ ಚಾಪೆ ಆಗಿತ್ತು. ಒಂದು ತುದಿ ಹಿಡಿದು ಎಳೆದೆ, ಹಪ್ಪಳದ ಹಾಗೆ ಇಡೀ ತುಂಡು ಎದ್ದು ಬಂತು. ಫ್ಯಾನ್ ಆ ಚಾಪೆಗೆ ಗಾಳಿ ಹಾಕುತ್ತಿತ್ತು, ಲೋಹಕ್ಕೆ ತಟ್ಟುತ್ತಲೇ ಇರಲಿಲ್ಲ.

ಬ್ಲೋವರ್ ಹಿಡಿಯುವ ಮೊದಲು ಪ್ಲಗ್ ತೆಗೆಯಿರಿ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಿಟ್ಟರೆ ಗಾಳಿಗೆ ಅದು ಮಿತಿ ಮೀರಿ ತಿರುಗಿ ಕೆಡಬಹುದು. ಮೂರು ನಾಲ್ಕು ವರ್ಷ ಹಳೆಯದಾದರೆ ಚಿಪ್‌ಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಕೂಡ ಒಣಗಿರುತ್ತದೆ, ಬದಲಿಸಿ.

ನಾವೂ ಇದನ್ನೆಲ್ಲ ಮಾಡಿದೆವು. ಧೂಳು ಊದಿದೆವು, ಕೂಲರ್ ಮುಂದೆ ಇಟ್ಟೆವು. 798. ಕೊನೆಗೆ ಮರುದಿನ ಬೆಳಗಿನ ಐದಕ್ಕೆ ಹುಡುಗನನ್ನು ಎಬ್ಬಿಸಿ ಮಾಳಿಗೆ ಮೇಲೆ ತಣ್ಣನೆ ಗಾಳಿಯಲ್ಲಿ ಓಡಿಸಿದೆವು. ಅಲ್ಲೂ ಪ್ಲಗ್ ಪಾಯಿಂಟ್ ಇದೆ, ಚಾರ್ಜರ್ ಹಾಕಿಯೇ ಇಟ್ಟಿದ್ದೆವು. 44 ಡಿಗ್ರಿ. 798. ಥ್ರಾಟಲ್ ಕೌಂಟ್ ಸೊನ್ನೆ.

ಆಗ ತಲೆಗೆ ಹೊಳೆಯಿತು. ಮೊದಲ ದಿನವೇ 52 ಡಿಗ್ರಿ ಅಂತ ಕಂಡಿತ್ತಲ್ಲ. ಬಿಸಿಗೆ ಹೆದರುವ ಪ್ರೊಸೆಸರ್ 52ಕ್ಕೆ ಯಾಕೆ ಹೆದರೀತು?

ನಾಲ್ಕನೇ ಹೆಜ್ಜೆ: ಚಾರ್ಜರ್

ಮಾಳಿಗೆ ಮೇಲೆ ಕೂತೇ ಕೇಳಿದೆ, "ಬೆಳಗಾವ್ಯಾಗ ಇದ ಚಾರ್ಜರ್ ಹಾಕ್ತೀ ಏನ?"

"ಇಲ್ಲ ಕಾಕಾ, ಅದು ಹಾಸ್ಟೆಲ್‌ನಾಗ ಐತಿ. ಇದು ಊರಿಗಿ ಬಂದಾಗ ಇರ್ಲಿ ಅಂತ ಅಪ್ಪಾ ಇಲ್ಲೇ ತಂದಿಟ್ಟಿದ್ದು."

ಚಾರ್ಜರ್ ಕಿತ್ತೆ. ಪರದೆ ಮೇಲೆ ಅಂಕಿ ಹೊರಳಿತು: 798, 798, 3391. ಫ್ಯಾನ್ ಸದ್ದು ಮಾಡಲು ಶುರು ಮಾಡಿತು. ಮತ್ತೆ ಚುಚ್ಚಿದೆ, 798.

ಒಳಗೆ ಆಗಿದ್ದು ಇಷ್ಟು. ಕೆಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ಪಿನ್ನಿನ ನಡುವೆ ಒಂದು ತೆಳ್ಳನೆ ಸೂಜಿ ಇರುತ್ತದೆ. ನಾನು ಇಷ್ಟು ವ್ಯಾಟಿನವನು ಅಂತ ಚಾರ್ಜರ್ ಅದರ ಮೂಲಕ ಮದರ್‌ಬೋರ್ಡಿಗೆ ಹೇಳುತ್ತದೆ. ಡೂಪ್ಲಿಕೇಟ್ ಚಾರ್ಜರ್‌ನಲ್ಲಿ ಅದನ್ನು ಹೇಳುವ ಸಣ್ಣ ಚಿಪ್ ಇರುವುದಿಲ್ಲ, ಅಥವಾ ಒರಿಜಿನಲ್‌ನಲ್ಲೇ ಸೂಜಿ ಬಾಗಿರುತ್ತದೆ, ವೈರ್ ಒಳಗೆ ತುಂಡಾಗಿರುತ್ತದೆ. ಉತ್ತರ ಬರದಿದ್ದರೆ ಫರ್ಮ್‌ವೇರ್ ಕೆಟ್ಟದ್ದನ್ನೇ ಊಹಿಸುತ್ತದೆ. ಇದನ್ನು ನಂಬಿ ಜಾಸ್ತಿ ಕರೆಂಟು ಎಳೆಯಬಾರದು ಅಂತ ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ಇಳಿಸುತ್ತದೆ. ಇದಕ್ಕೆ ಪ್ರೊಕ್‌ಹಾಟ್ ಅನ್ನೋ ತಂತಿ ಬಳಸುತ್ತದೆ. ಮೂಲದಲ್ಲಿ ಅದು ಬಿಸಿ ಆಗಿದೆ ಅಂತ ಹೇಳುವ ತಂತಿ. ಹೊರಗಿನಿಂದ ಮದರ್‌ಬೋರ್ಡ್ ಅದನ್ನು ಎಳೆದರೂ ಪ್ರೊಸೆಸರ್ ನಂಬುತ್ತದೆ. ಯಾಕೆ ಅಂತ ಓಎಸ್‌ಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ಟೈಪ್-ಸಿ ಚಾರ್ಜರ್ ಆದರೂ ಇದೇ ಕಥೆ, ಅಲ್ಲಿ ಮಾತುಕತೆ ಬೇರೆ ರೀತಿ ನಡೆಯುತ್ತದೆ ಅಷ್ಟೆ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗೆ ಫೋನಿನ 18 ವ್ಯಾಟ್ ಚಾರ್ಜರ್ ಚುಚ್ಚಿದರೆ ವೇಗ ನಿರೀಕ್ಷಿಸಬೇಡಿ. ಬೇರೆ ಚಾರ್ಜರ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ವೋಲ್ಟ್ ಮತ್ತು ಆ್ಯಂಪಿಯರ್ ಗುಣಿಸಿದರೆ ವ್ಯಾಟ್. 19.5 ವೋಲ್ಟ್, 3.34 ಆ್ಯಂಪಿಯರ್ ಅಂದರೆ 65 ವ್ಯಾಟ್. ಅದೇ ವೋಲ್ಟ್, 2.31 ಆ್ಯಂಪಿಯರ್ ಅಂದರೆ 45. ಪಿನ್ ಹೊಂದಿತು ಅಂದ ಮಾತ್ರಕ್ಕೆ ಆಯ್ತು ಅಂತಲ್ಲ. ಬಯೋಸ್ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಒಳಗೆ ಹೋದರೆ ಕೆಲವು ಮಾಡೆಲ್‌ಗಳಲ್ಲಿ ಯಾವ ಚಾರ್ಜರ್ ಅಂತ ಬರೆದಿರುತ್ತದೆ. ಅಲ್ಲಿ ಅನ್‌ನೋನ್ ಅಂತ ಕಂಡರೆ ಕೇಸು ಮುಗಿಯಿತು.

ಚಾರ್ಜರ್ ಕಿತ್ತರೂ ವೇಗ ಏರದಿದ್ದರೆ? ಬ್ಯಾಟರಿ ಸತ್ತಿರಬಹುದು, ಬೋರ್ಡಿನ ಯಾವುದೋ ಸೆನ್ಸರ್ ಕೆಟ್ಟಿರಬಹುದು. ಪೂರ್ತಿ ಬಂದ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಶುರು ಮಾಡಿ ನೋಡಿ. ಬಯೋಸ್ ಅಪ್‌ಡೇಟ್ ಇದ್ದರೆ ಹಾಕಿ, ಆದರೆ ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ಅಲ್ಲ. ಪ್ರೊಕ್‌ಹಾಟ್ ಮಾತನ್ನು ಪ್ರೊಸೆಸರ್ ಕೇಳದ ಹಾಗೆ ಮಾಡುವ ಉಪಾಯವೂ ಇದೆ. ವಿಂಡೋಸ್‌ನಲ್ಲಿ ಥ್ರಾಟಲ್‌ಸ್ಟಾಪ್ ಅನ್ನೋ ಪ್ರೋಗ್ರಾಮ್‌ನಲ್ಲಿ ಒಂದು ಟಿಕ್ ತೆಗೆದರೆ ಆಯ್ತು. ಕಾರಣ ಖಚಿತ ಮಾಡಿಕೊಳ್ಳಲು ಎರಡು ನಿಮಿಷ ಮಾಡಿ ನೋಡಬಹುದು. ಹಾಗೇ ಬಿಟ್ಟು ದಿನಾ ಬಳಸುವುದು ನನಗೆ ಒಪ್ಪಿಗೆ ಇಲ್ಲ. ಸಣ್ಣ ಚಾರ್ಜರ್‌ನಿಂದ ದೊಡ್ಡ ಕರೆಂಟು ಎಳೆದರೆ ಸುಡುವುದು ಚಾರ್ಜರ್ ಒಂದೇ ಆಗಿರಲಿಕ್ಕಿಲ್ಲ.

ವಿಂಡೋಸ್ ಇದ್ದವರಿಗೆ

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸ್ಪೀಡ್ ಮತ್ತು ಬೇಸ್ ಸ್ಪೀಡ್ ಎರಡೂ ಕಾಣುತ್ತವೆ. ಕೆಲಸ ಕೊಟ್ಟಾಗ ಸ್ಪೀಡ್ ಬೇಸ್ ದಾಟಬೇಕು. ಬೇಸ್‌ಗೇ ನಿಂತರೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ನೋಡಿ. ಅಲ್ಲಿ ಯಾರೋ 99 ಇಟ್ಟಿದ್ದರೆ ಸಾಮಾನ್ಯವಾಗಿ ಟರ್ಬೋ ಬಂದ್ ಆಗುತ್ತದೆ, 100 ಮಾಡಿ. 0.4 ಅಥವಾ 0.8ಕ್ಕೆ ಅಂಟಿಕೊಂಡಿದ್ದರೆ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ 37ನೇ ನಂಬರಿನ ಈವೆಂಟ್ ಹುಡುಕಿ, ಮೂಲ ಕರ್ನೆಲ್-ಪ್ರೊಸೆಸರ್-ಪವರ್. ಪ್ರೊಸೆಸರಿನ ವೇಗವನ್ನು ಫರ್ಮ್‌ವೇರ್ ತಡೆದಿದೆ ಅಂತ ಅದು ನೇರವಾಗಿ ಹೇಳುತ್ತದೆ. ಅಲ್ಲಿಂದ ನಾಲ್ಕನೇ ಹೆಜ್ಜೆಗೆ ಹೋಗಿ.

ಉಲ್ಟಾ ಕಾಯಿಲೆ

ವೇಗ ಇಳಿಯದೇ ಇರುವುದೂ ಒಂದು ತೊಂದರೆ. ಸುಮ್ಮನಿದ್ದರೂ ಫ್ಯಾನ್ ಕೂಗುತ್ತಿದ್ದರೆ ಟಾಪ್ ಕಮಾಂಡ್ ಹೊಡೆದು ಯಾವ ಪ್ರೋಗ್ರಾಮ್ ತಿನ್ನುತ್ತಿದೆ ನೋಡಿ. ಬಹಳ ಸಲ ಬ್ರೌಸರಿನ ಒಂದು ಟ್ಯಾಬ್ ಇರುತ್ತದೆ. ಪರೀಕ್ಷೆಗೆ ಅಂತ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿದ್ದರೆ ವಾಪಸ್ ತನ್ನಿ. ಮರೆತರೂ ಅಡ್ಡಿ ಇಲ್ಲ, ಸಿಸ್ ಫೋಲ್ಡರಿನಲ್ಲಿ ಕೈಯಾರೆ ಬರೆದದ್ದು ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ.

ರಜೆ ಮುಗಿಸಿ ಹೊರಟ ಹುಡುಗ ಬೆಳಗಾವಿ ಮುಟ್ಟಿ ಫೋನ್ ಮಾಡಿದ. ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದ್ದನಂತೆ, ಬಸ್ ಇಳಿಯುವಾಗ ಬ್ಯಾಗ್ ಬಿಸಿ, ಬ್ಯಾಟರಿ ಖಾಲಿ. ಸಿಸ್ ಒಳಗೆ ಪವರ್ ಫೋಲ್ಡರ್, ಅದರಲ್ಲಿ ಮೆಮ್_ಸ್ಲೀಪ್ ಫೈಲ್ ಓದಿಸಿದೆ. ಎಸ್2ಐಡಲ್, ಡೀಪ್ ಎರಡೂ ಇದ್ದವು, ಚೌಕ ಕಂಸ ಇದ್ದದ್ದು ಎಸ್2ಐಡಲ್‌ಗೆ, ಅಂದರೆ ಬಳಕೆಯಲ್ಲಿದ್ದದ್ದು ಅದೇ. ಅದು ಅರೆನಿದ್ದೆ, ಸಣ್ಣ ಸದ್ದಿಗೂ ಏಳುತ್ತದೆ. ರೂಟ್ ಆಗಿ ಆ ಫೈಲಿಗೆ ಡೀಪ್ ಅಂತ ಬರೆದರೆ ಮೆಮೊರಿ ಬಿಟ್ಟು ಬಹುತೇಕ ಎಲ್ಲ ಬಂದ್ ಆಗುತ್ತದೆ. ಕಾಯಂ ಬೇಕಾದರೆ ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಮ್ ಗ್ರಬ್‌ನಲ್ಲಿ ಕರ್ನೆಲ್ ಸಾಲಿಗೆ ಮೆಮ್_ಸ್ಲೀಪ್_ಡಿಫಾಲ್ಟ್ ಸಮ ಡೀಪ್ ಅಂತ ಸೇರಿಸಬೇಕು. ಆ ಹೆಸರಿನ ನಡುವೆ ಅಂಡರ್‌ಸ್ಕೋರ್ ಇದೆ, ಸಮ ಚಿಹ್ನೆಯ ಆಚೀಚೆ ಖಾಲಿ ಜಾಗ ಬಿಡಬೇಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡೀಪ್ ಇಲ್ಲದೆಯೂ ಇರಬಹುದು. ಅಂಥವರು ಬಸ್ ಹತ್ತುವ ಮೊದಲು ಶಟ್‌ಡೌನ್ ಮಾಡುವುದೇ ಲೇಸು.